ಮೆಣಸು ಬೆಳೆಯುವ ಊರು

ಬೆಳಗಿನ ಪೊಂಗಲ್‌ನಲ್ಲಿ ಹಲ್ಲಿಗೆ ಸಿಕ್ಕಿ ಚುರುಕು ಮುಟ್ಟಿಸುವ ಕಾಳುಮೆಣಸಿಗೆ ಇಂಗ್ಲಿಷರು ಪೆಪ್ಪರ್ ಅನ್ನುತ್ತಾರೆ. ಜರ್ಮನ್ನರಿಗೆ ಅದು ಫೆಫರ್, ಇಟಲಿಯವರಿಗೆ ಪೆಪೆ, ಫ್ರೆಂಚರಿಗೆ ಪ್ವಾವ್ರ್. ಎಲ್ಲದರ ತವರು ಭಾರತವೇ. ಪಿಪ್ಪಲಿ ಎಂಬ ನಮ್ಮ ಶಬ್ದ ಗ್ರೀಕರ ಬಾಯಲ್ಲಿ ಪೆಪೆರಿ ಆಗಿ, ರೋಮಿನವರ ಬಾಯಲ್ಲಿ ಪಿಪೆರ್ ಆಗಿ ಯುರೋಪಿನ ಉದ್ದಗಲಕ್ಕೂ ಹರಡಿತು.

ಆದರೆ ಪಿಪ್ಪಲಿ ಎಂದರೆ ಕಾಳುಮೆಣಸಲ್ಲ! ಕೆಮ್ಮು ಬಂದಾಗ ಜೇನುತುಪ್ಪದಲ್ಲಿ ತೇಯ್ದು ನೆಕ್ಕಿಸುತ್ತಾರಲ್ಲ, ಆ ಉದ್ದನೆಯ ಹಿಪ್ಪಲಿ. ಅದರ ಹೆಸರು ಗುಂಡಗಿನ ಕಾಳಿಗೆ ಅಂಟಿಕೊಂಡಿತು. ಮುಂದೆ ಕೊಲಂಬಸ್‌ನ ಕಾಲದಲ್ಲಿ ಅಮೆರಿಕದ ಖಾರದ ಕಾಯಿ ಸಿಕ್ಕಾಗ ಅದನ್ನೂ ಪೆಪ್ಪರ್ ಅಂದುಬಿಟ್ಟರು. ಹಂಗೇರಿಯ ಪಾಪ್ರಿಕಾ ಕೂಡ ಇದೇ ಬಳ್ಳಿಯ ಕುಡಿ. ನಗುವ ಹಾಗಿಲ್ಲ, ನಾವೂ ಮಾಡಿದ್ದು ಅದನ್ನೇ. ಪೋರ್ಚುಗೀಸರು ತಂದ ಕಾಯಿಗೆ ಮೆಣಸಿನಕಾಯಿ ಎಂದು ಹೆಸರಿಟ್ಟೆವು. ಕರಾವಳಿಯವರು ಮಾತ್ರ ಹಳೆಯದನ್ನು ಇಂದಿಗೂ 'ಒಳ್ಳೆಮೆಣಸು' ಎಂದು ಕರೆದು ಅದರ ಮಾನ ಉಳಿಸಿದ್ದಾರೆ.

ಆ ಕಾಳಿನ ಬೆಲೆಯಾದರೂ ಎಂಥದ್ದು! ಕ್ರಿ.ಶ. 408ರಲ್ಲಿ ರೋಮ್ ನಗರಕ್ಕೆ ಮುತ್ತಿಗೆ ಹಾಕಿದ ಗಾಥ್ ದೊರೆ ಅಲಾರಿಕ್, ಚಿನ್ನ ಬೆಳ್ಳಿಯ ಜೊತೆಗೆ 3000 ಪೌಂಡ್ ಮೆಣಸು ಕೊಟ್ಟರೆ ಹಿಂದೆ ಸರಿಯುತ್ತೇನೆ ಅಂದ. ಡಚ್ಚರು ಇವತ್ತಿಗೂ ವಿಪರೀತ ದುಬಾರಿ ವಸ್ತುವನ್ನು 'ಮೆಣಸಿನಷ್ಟು ತುಟ್ಟಿ' ಅನ್ನುತ್ತಾರೆ. ಜರ್ಮನ್ನರಿಗೆ ಕೊಬ್ಬಿದ ಸಾಹುಕಾರ ಎಂದರೆ 'ಮೆಣಸಿನ ಮೂಟೆ'. ಇಂಗ್ಲಿಷಿನಲ್ಲೋ ಕಾಲ ಉಲ್ಟಾ ಹೊಡೆದಿದೆ: 'ಒಂದು ಮೆಣಸುಕಾಳಿನ ಬಾಡಿಗೆ' ಎಂದರೆ ಲೆಕ್ಕಕ್ಕೆ ಮಾತ್ರದ ಬಾಡಿಗೆ.

ಪೋರ್ಚುಗೀಸರ ದಾರಿ ಮಾತ್ರ ಬೇರೆ. ಅವರು ಬಣ್ಣ ಎಂಬ ಅರ್ಥದ ಲ್ಯಾಟಿನ್ ಪದದಿಂದ ಪಿಮೆಂತಾ ಎಂದು ಮಾಡಿಕೊಂಡರು. ಹಾಗಾಗಿ ನಮ್ಮ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಗೆ ಅವರು ಕೊಟ್ಟ 'ಮೆಣಸಿನ ರಾಣಿ' ಎಂಬ ಬಿರುದಿನಲ್ಲಿ ಪಿಪ್ಪಲಿಯ ಸುಳಿವೇ ಇಲ್ಲ. ಮೆಣಸು ನಮ್ಮದು, ರಾಣಿ ನಮ್ಮವಳು, ಮಾತು ಮಾತ್ರ ಪರರದ್ದು.

ಇನ್ನೊಂದು ಮಾತಿದೆ. ಜರ್ಮನ್ನರು, ಸ್ವೀಡನ್ನಿನವರು ಯಾರನ್ನಾದರೂ ತೊಲಗಿಸಬೇಕಾದರೆ 'ಮೆಣಸು ಬೆಳೆಯುವಲ್ಲಿಗೆ ಹೋಗು' ಎಂದು ಗದರುತ್ತಾರೆ. ಅವರ ಪಾಲಿಗೆ ಅದು ಹೋದವರು ಮರಳಿ ಬಾರದಷ್ಟು ದೂರದ ಜಾಗ. ನಿಮ್ಮನ್ನು ಯಾರಾದರೂ ಹಾಗೆ ಬೈದರೆ ಬೇಸರ ಮಾಡಿಕೊಳ್ಳಬೇಡಿ. ಶಿರಸಿಗೋ ಮಡಿಕೇರಿಗೋ, ಟಿಕೆಟ್ ಎಲ್ಲಿಗೆ ತೆಗೆಸುತ್ತೀರಿ ಎಂದು ಕೇಳಿಬಿಡಿ.