ನಾಲ್ಕನೆಯ ಹೆಗಲು

(ಸಾಸವಡದಲ್ಲಿ ನೀಡಿದ ದತ್ತಿ ಉಪನ್ಯಾಸ)



ದತ್ತಿ ಇಟ್ಟ ಮನೆಯವರು ನನಗೆ ಕೊಟ್ಟ ವಿಷಯ ‘ಸಂಕಟದ ಕಾಲದಲ್ಲಿ ವಿಶ್ವಾಸ’. ಕೇಳಿದ ಕೂಡಲೇ ಎದೆ ಧಸಕ್ಕೆಂದಿತು. ಸಂಕಟದ ಬಗ್ಗೆ ಮಾತಾಡುವುದು ಸಂಕಟ ಇಲ್ಲದವನಿಗೆ ಬಹಳ ಸಲೀಸು. ಬರ ಬಂದರೆ ಪಾಪದ ಫಲ, ರೋಗ ಬಂದರೆ ಪರೀಕ್ಷೆ, ಸಾವು ಬಂದರೆ ದೇವರ ಚಿತ್ತ. ಈ ಮೂರು ಮಾತು ಬಾಯಿಪಾಠವಾದರೆ ಒಂದು ಗಂಟೆಯ ಪ್ರಸಂಗ ಆಗಿಹೋಗುತ್ತದೆ. ಅಂಥ ಪ್ರಸಂಗ ನಾನೂ ಮಾಡಿದ್ದೇನೆ. ಅದರ ಕತೆ ಕೊನೆಗೆ ಹೇಳುತ್ತೇನೆ.

ಯೇಸುಸ್ವಾಮಿ ಅಂದಂದಿನ ಸುದ್ದಿಗೆ ಏನು ಹೇಳುತ್ತಿದ್ದ ಎಂದು ತಿಳಿಯಬೇಕಾದರೆ ಲೂಕನ ಸುವಾರ್ತೆಯ 13ನೆಯ ಅಧ್ಯಾಯ ತೆರೆಯಬೇಕು. ಯಜ್ಞಕ್ಕೆ ಹೋಗಿದ್ದ ಗಲಿಲಾಯದವರನ್ನು ರೋಮನ್ ಅಧಿಪತಿ ಪಿಲಾತ ಕೊಲ್ಲಿಸಿದ ಸುದ್ದಿಯನ್ನು ಜನ ಹೊತ್ತು ತಂದರು. ಸುದ್ದಿಯ ಬೆನ್ನಿಗೆ ಅವರ ಮನಸ್ಸಿನಲ್ಲೊಂದು ಪ್ರಶ್ನೆಯೂ ಇತ್ತು: ಸತ್ತವರು ಅಂಥ ಪಾಪ ಏನು ಮಾಡಿದ್ದರು? ಸ್ವಾಮಿ ತಾನೇ ಇನ್ನೊಂದು ಸುದ್ದಿ ಸೇರಿಸಿದ, ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಜನರದು. ಅವರು ಉಳಿದವರಿಗಿಂತ ಪಾಪಿಗಳೇನಲ್ಲ ಎಂದ. ಹಾಗಾದರೆ ಯಾಕೆ ಸತ್ತರು? ಅದನ್ನು ಹೇಳಲಿಲ್ಲ. ಕೇಳಿದವರ ಕಡೆಗೇ ತಿರುಗಿ, ನೀವು ಮನಸ್ಸು ತಿರುಗಿಸಿಕೊಳ್ಳಿ ಎಂದ. ಅಲ್ಲಿಗೆ ಮಾತು ಮುಗಿಯಿತು. ಬುರುಜು ಕಟ್ಟಿದ ಗುತ್ತಿಗೆದಾರನ ವಿಚಾರವಾದರೂ ಕೇಳಬಹುದಿತ್ತಲ್ಲ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ, ಅದು ಬೇರೆ ಮಾತು.

ಈ ಉತ್ತರವನ್ನು ಬದುಕಿ ತೋರಿಸಿದ ಒಬ್ಬ ಹೆಂಗಸು ನಮ್ಮ ನಾಡಿನಲ್ಲಿ ಹುಟ್ಟಿ ನಿಮ್ಮ ಪುಣೆ ಜಿಲ್ಲೆಯಲ್ಲಿ ಮಣ್ಣಾದಳು. ಸಾಸವಡದಿಂದ ಶಿಂದವಣೆ ಘಾಟ ಇಳಿದು ಉರುಳಿ ಕಾಂಚನಕ್ಕೆ ಹೋಗಿ, ಸೊಲ್ಲಾಪುರದ ರಸ್ತೆ ಹಿಡಿದು ಯವತ ದಾಟಿದರೆ ಕೇಡಗಾಂವ ಸಿಗುತ್ತದೆ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಅಲ್ಲಿದೆ. ಅವರನ್ನು ಮರಾಠಿಯವರು ತಮ್ಮವರೆನ್ನುತ್ತಾರೆ, ತಪ್ಪಲ್ಲ. ಆದರೆ ಅವರ ತಂದೆ ಅನಂತಶಾಸ್ತ್ರಿ ಡೋಂಗರೆ ಕಾರ್ಕಳ ಸೀಮೆಯ ಮಾಳದವರು. ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್‌ನಲ್ಲಿ, ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಶಾಸ್ತ್ರಿಗಳು ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಅದು ಶಾಸ್ತ್ರಕ್ಕೆ ವಿರುದ್ಧವಲ್ಲ ಎಂದು ಸಾಧಿಸಬೇಕಾಯಿತು. ಆ ತಾಯಿ ಮಗಳಿಗೆ ಕಲಿಸಿದಳು. ಮಗಳು ಊರೂರು ಅಲೆಯುತ್ತ ಕನ್ನಡವನ್ನೂ ಕಲಿತಳು.

1870ರ ದಶಕದ ನಡುವೆ ಮದ್ರಾಸ್ ಸೀಮೆಯಲ್ಲಿ ಬರ ಬಿತ್ತು. ಪುರಾಣ ಹೇಳಿ ಬದುಕುವ ಮನೆತನ ಅದು. ಕೂಲಿಯ ಕೆಲಸ ಗೊತ್ತಿಲ್ಲ, ಬೇಡಲು ನಾಲಗೆ ಏಳದು. ಕೈಯಲ್ಲಿದ್ದ ದುಡ್ಡೆಲ್ಲ ಕ್ಷೇತ್ರಗಳಲ್ಲಿ ದಾನಕ್ಕೆ, ಪೂಜೆಗೆ ಹೋಗಿತ್ತು. ಮೊದಲು ತಂದೆ ಹೋದರು. ಕೆಲವೇ ವಾರಗಳಲ್ಲಿ, ರಾಯಚೂರಿನಲ್ಲಿ, ತಾಯಿ ಜ್ವರದಲ್ಲಿ ಮಲಗಿ ಅನ್ನ ಕೇಳಿದಳು. ಹುಡುಗಿ ಒಂದು ಮನೆಯ ಬಾಗಿಲಿಗೆ ಹೋಗಿ ನಿಂತಳು. ಬಾಯಿ ತೆರೆಯಲಾಗಲಿಲ್ಲ, ಕಣ್ಣೀರೇ ಬಂತು. ಆ ಮನೆಯಾಕೆ ಕೊಟ್ಟ ಸಜ್ಜೆ ರೊಟ್ಟಿಯ ತುಂಡನ್ನು ತಂದರೆ ತಾಯಿಗೆ ನುಂಗಲಾಗಲಿಲ್ಲ.

ತಾಯಿ ತೀರಿಕೊಂಡ ಮೇಲಿನ ಸಂಗತಿಯನ್ನು ರಮಾಬಾಯಿ ಮುಂದೆ ತಾವೇ ಬರೆದಿದ್ದಾರೆ. ಹೆಣ ಹೊರಲು ನಾಲ್ಕು ಹೆಗಲು ಬೇಕು. ಅಣ್ಣ ಶ್ರೀನಿವಾಸ ಒಬ್ಬ, ಕರುಣೆಯಿಂದ ಬಂದ ಇಬ್ಬರು ಬ್ರಾಹ್ಮಣರು, ಒಟ್ಟು ಮೂವರು. ನಾಲ್ಕನೆಯವರು ಯಾರೂ ಬರಲಿಲ್ಲ. ಹದಿನಾರರ ಹುಡುಗಿಯೇ ಕೈಹಚ್ಚಿದಳು. ಗಿಡ್ಡ ಆಳು, ಹೆಗಲ ಮೇಲಿಟ್ಟರೆ ಚಟ್ಟ ಆ ಮೂಲೆಗೆ ವಾಲುತ್ತಿತ್ತು. ಅದಕ್ಕೆ ತಲೆಯ ಮೇಲೆ ಹೊತ್ತು ಸುಮಾರು ಮೂರು ಮೈಲು ನಡೆದಳು.

ಹೆಗಲು ಕೊಡುವುದು ಎಂಬ ಮಾತನ್ನು ನಾವು ಎಷ್ಟು ಹಗುರಾಗಿ ಆಡುತ್ತೇವೆ! ಯಾರದೋ ಕೆಲಸಕ್ಕೆ ಹೆಗಲು ಕೊಟ್ಟೆವೆಂದು ಭಾಷಣದಲ್ಲಿ ಹೇಳಿಕೊಳ್ಳುತ್ತೇವೆ. ಆ ಮಾತಿನ ಭಾರ ಗೊತ್ತಾಗುವುದು ಚಟ್ಟದ ಕೆಳಗೆ.

ಆಮೇಲೆ ಅಕ್ಕ ಹೋದಳು. 1880ರಲ್ಲಿ ಢಾಕಾದಲ್ಲಿ ಅಣ್ಣ ಹೋದ. ಅದೇ ವರ್ಷ ಜಾತಿಯಾಚೆ ಮದುವೆಯಾದ ಗಂಡ ಬಿಪಿನ್ ಬಿಹಾರಿ 1882ರ ಫೆಬ್ರವರಿಯಲ್ಲಿ ಕಾಲರಾಕ್ಕೆ ಬಲಿಯಾದ. ಮಗಳು ಮನೋರಮೆಗೆ ಇನ್ನೂ ವರ್ಷ ತುಂಬಿರಲಿಲ್ಲ. ಇಂಥ ಪಟ್ಟಿ ಓದುವಾಗ ಎಲ್ಲವನ್ನೂ ಕಳೆದುಕೊಂಡ ಯೋಬನ ನೆನಪಾಗದಿದ್ದರೆ ನಾವು ಸತ್ಯವೇದ ಓದಿದ್ದು ದಂಡ. ಆಮೇಲೆ ರಮಾಬಾಯಿ ಮಗಳೊಂದಿಗೆ ಸಮುದ್ರ ದಾಟಿದರು. 1883ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ತಾಯಿ ಮಗಳು ಕ್ರೈಸ್ತ ದೀಕ್ಷಾಸ್ನಾನ ಪಡೆದರು.

ನಮ್ಮ ಸಭೆಗಳಲ್ಲಿ ರಮಾಬಾಯಿಯವರ ಸಾಕ್ಷಿಯನ್ನು ಇಲ್ಲಿಗೇ ನಿಲ್ಲಿಸಿ ‘ಹಲ್ಲೆಲೂಯ’ ಹೇಳಿಬಿಡುವ ರೂಢಿಯಿದೆ. ನಿಜವಾದ ಕತೆ ಮುಂದಿದೆ. ದೀಕ್ಷೆಯಾದ ಮೇಲೆ ಅವರು ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ತ್ರಯೈಕ್ಯದ ಬಗ್ಗೆ ವಾಂಟೇಜಿನ ಕನ್ಯಾಸ್ತ್ರೀಯರೊಂದಿಗೆ ಪತ್ರದಲ್ಲಿ ವಾದಿಸಿದರು. ಗಂಡಸರಿಗೆ ಪಾಠ ಹೇಳಬಾರದೆಂದು ಬಿಷಪ್ಪರು ಆಕ್ಷೇಪ ಎತ್ತಿದಾಗ ತಲೆ ಬಾಗಿಸಲಿಲ್ಲ. ಹಳೆಯ ಶಾಸ್ತ್ರಿಗಳ ಕೈಯಿಂದ ತಪ್ಪಿಸಿಕೊಂಡು ಹೊಸ ಶಾಸ್ತ್ರಿಗಳ ಕೈಗೆ ಸಿಕ್ಕಿಬೀಳಲು ಅವರೇನು ಸಮುದ್ರ ದಾಟಿರಲಿಲ್ಲ. ಪುಣೆಯಲ್ಲಿ ಅವರ ಮತಾಂತರಕ್ಕೆ ಗದ್ದಲವೆದ್ದಾಗ ಅವರ ಪರವಾಗಿ ಬರೆದವರಲ್ಲಿ ಜೋತಿರಾವ್ ಫುಲೆ ಒಬ್ಬರು. ಫುಲೆ ಮನೆತನದ ಊರು ಇದೇ ಪುರಂದರ ತಾಲೂಕಿನ ಖಾನವಡಿ. ಆ ಖಾನವಡಿಯೂ ಸೇರಿ ಏಳು ಹಳ್ಳಿಗಳ ಹೊಲಗಳು ವಿಮಾನ ನಿಲ್ದಾಣಕ್ಕೆ ಹೋಗುವ ಮಾತು ಈಗ ನಿಮ್ಮ ಮನೆ ಮನೆಯಲ್ಲಿದೆ. ಅಂಜೂರದ ಗಿಡ, ಸೀತಾಫಲದ ತೋಟ ಬಿಡಬೇಕಾದವನ ಮುಂದೆ ‘ದೇವರು ಇನ್ನೊಂದು ಬಾಗಿಲು ತೆರೆಯುತ್ತಾನೆ’ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸರ್ವೆಯ ಕಾಗದ ಓದಲು ಬರುವ ಒಬ್ಬ ಅವನ ಪಕ್ಕದಲ್ಲಿ ಕೂತರೆ ಅದೂ ಸಭೆಯ ಕೆಲಸವೇ.

ನಾಡಿಗೆ ಮರಳಿದ ರಮಾಬಾಯಿ ವಿಧವೆ ಹುಡುಗಿಯರಿಗಾಗಿ ತೆರೆದ ಶಾರದಾ ಸದನ 1889ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮರುವರ್ಷ ಪುಣೆಗೆ ಬಂತು. 1893ರ ಹೊತ್ತಿಗೆ ದೊಡ್ಡ ಜಗಳವಾಯಿತು. ವಿಧವೆ ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗೆ ಬಂದು ಕೂಡುತ್ತಾರೆಂದು ರಾನಡೆ, ಭಾಂಡಾರಕರರಂಥ ಸುಧಾರಕ ಹಿತೈಷಿಗಳೇ ಸದನದ ಸಲಹಾ ಮಂಡಳಿ ಬಿಟ್ಟರು. ಆ ಜಗಳದಲ್ಲಿ ನಾನು ರಮಾಬಾಯಿಯವರ ವಕೀಲನಲ್ಲ. ಧರ್ಮದ ವಿಷಯದಲ್ಲಿ ಕೈ ಹಾಕುವುದಿಲ್ಲವೆಂಬ ಮಾತಿನ ಮೇಲೆ ಮಕ್ಕಳನ್ನು ಕಳಿಸಿದವರ ನೋವು ಸುಳ್ಳಲ್ಲ. ತನ್ನ ಕೋಣೆಯಲ್ಲಿ ತಾನು ಬಾಗಿಲು ತೆರೆದು ಪ್ರಾರ್ಥಿಸಬಾರದೇ ಎಂದು ಆಕೆ ಕೇಳಿದ್ದೂ ಸುಳ್ಳಲ್ಲ. ನೂರಮೂವತ್ತು ವರ್ಷ ಕಳೆದರೂ ನಮ್ಮಲ್ಲಿ ಆ ಜಗಳ ಅದೇ ಮಾತುಗಳಲ್ಲಿ ನಡೆದಿದೆ.

ಕೇಡಗಾಂವದ ಭೂಮಿಯ ಕತೆ ನನಗೆ ಬಹಳ ಇಷ್ಟ. ಅಮೆರಿಕದ ಗೆಳೆಯರು ಸದನಕ್ಕೆ ಹತ್ತು ವರ್ಷಕ್ಕೆ ಮಾತ್ರ ಹಣದ ಭರವಸೆ ಕೊಟ್ಟಿದ್ದರು. ಆ ಹಣ ನಿಂತ ಮೇಲೆ ಏನು ಗತಿ ಎಂದು ಲೆಕ್ಕ ಹಾಕಿದ ರಮಾಬಾಯಿ, ಹಣ್ಣಿನ ತೋಟ ಮಾಡಿ ಅದರ ಆದಾಯದಲ್ಲಿ ಸದನ ನಡೆಸೋಣವೆಂದು ಅಲ್ಲಿ ಹೊಲ ಕೊಂಡರು. ವಿಶ್ವಾಸಿಗಳು ನಾಳೆಯ ಚಿಂತೆ ಮಾಡುವುದಿಲ್ಲ ಎನ್ನುತ್ತೇವಲ್ಲ, ಈ ವಿಶ್ವಾಸಿ ಮಾಡಿದರು, ಗಿಡ ನೆಟ್ಟರು. ಅಷ್ಟರಲ್ಲಿ 1896-97ರ ಬರ ಬಂತು. ಮಧ್ಯಪ್ರಾಂತಕ್ಕೆ ಹೋಗಿ ಮುನ್ನೂರರಷ್ಟು ಹೆಣ್ಣುಮಕ್ಕಳನ್ನು ಕರೆತಂದರು. ತಮ್ಮ ಹದಿನಾರರ ಹಸಿವು ಅವರಿಗೆ ಮರೆತಿರಲಿಲ್ಲ. ಪುಣೆಯಲ್ಲಿ ಆಗ ಪ್ಲೇಗು. ಅಷ್ಟು ಜನರನ್ನು ಊರೊಳಗೆ ಇಡಲು ಸರ್ಕಾರ ಬಿಡಲಿಲ್ಲ. ಹಣ್ಣಿಗೆಂದು ಕೊಂಡ ಹೊಲದಲ್ಲಿ ಡೇರೆ, ಹುಲ್ಲಿನ ಗುಡಿಸಲು ಎದ್ದವು. ಮುಕ್ತಿ ಹುಟ್ಟಿದ್ದು ಹಾಗೆ. ಕೆಲವೇ ವರ್ಷಗಳಲ್ಲಿ ಅಲ್ಲಿದ್ದವರು ಸಾವಿರ ಮೀರಿದರು. ಎಲ್ಲರಿಗೂ ಕಾಳು, ಬಟ್ಟೆ, ಪಾಠ, ಒಂದೊಂದು ಕೈಕೆಲಸ.

ಅದೇ 1897ರಲ್ಲಿ ಅವರು ಮಾಡಿದ ಇನ್ನೊಂದು ಕೆಲಸವನ್ನು ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ಪುಣೆಯ ಸರ್ಕಾರಿ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲ, ಅಲ್ಲಿಗೆ ಒಯ್ದ ತಮ್ಮ ಹುಡುಗಿಯ ಗತಿ ಹೀಗಾಯಿತು ಎಂದು ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಬರೆದರು. ಆ ಪತ್ರದ ಸದ್ದು ಇಂಗ್ಲೆಂಡಿನವರೆಗೆ ಹೋಯಿತು. ಗವರ್ನರ್ ಸಾಹೇಬರು ಕ್ರೈಸ್ತರೇ, ಆಕೆಯೂ ಕ್ರೈಸ್ತಳೇ. ಮತ ಒಂದೇ ಎಂದು ಆಕೆ ಸುಮ್ಮನಿರಲಿಲ್ಲ. ಪ್ಲೇಗು ಯಾರ ಪಾಪಕ್ಕೆ ಬಂತೆಂದು ಬರೆಯುವ ಗೋಜಿಗೂ ಹೋಗಲಿಲ್ಲ.

ನಮ್ಮ ಕಾಲದ ಪ್ಲೇಗನ್ನು ನಾವೆಲ್ಲ ಕಂಡೆವು. 2020ರಲ್ಲಿ ಈಸ್ಟರ್ ಬಂದಾಗ ದೇವಾಲಯಗಳಿಗೆ ಬೀಗ. ಆಷಾಢದಲ್ಲಿ ದಿವೆ ಘಾಟ ಹತ್ತಿ ಬಂದು ಸಾಸವಡದಲ್ಲಿ ತಂಗುವ ಜ್ಞಾನೇಶ್ವರರ ಪಾಲಖಿ ಆ ವರ್ಷ ನಡೆದು ಬರಲಿಲ್ಲ, ಪಾದುಕೆಗಳು ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿಯ ಈ ಊರು ಮೃದಂಗದ ಸದ್ದಿಲ್ಲದ ಆಷಾಢವನ್ನು ಕಂಡಿತು. ಯಾರ ದೇವರು ಯಾರನ್ನು ಶಿಕ್ಷಿಸುತ್ತಿದ್ದಾನೆಂದು ಹೇಳುವ ಸಂದೇಶಗಳು ಮಾತ್ರ ಎಲ್ಲರ ಮೊಬೈಲಿಗೂ ಬರುತ್ತಲೇ ಇದ್ದವು. ನಮ್ಮವರು ಕಳಿಸಿದ್ದೂ ಅದರಲ್ಲಿ ಕಡಿಮೆ ಇರಲಿಲ್ಲ.

ರಮಾಬಾಯಿಯವರ ಕೊನೆಯ ವರ್ಷಗಳಿಗೆ ಬರುತ್ತೇನೆ. ಕಿವಿ ಮಂದವಾಗಿತ್ತು. ಹೀಬ್ರೂ, ಗ್ರೀಕ್ ಕಲಿತು ಇಡೀ ಸತ್ಯವೇದವನ್ನು ಮರಾಠಿಗೆ ತರುವ ಕೆಲಸ ಹಿಡಿದಿದ್ದರು. ಇದ್ದ ಅನುವಾದದ ಸಂಸ್ಕೃತ ಹಳ್ಳಿಯ ಹೆಂಗಸಿಗೆ ತಿಳಿಯದು ಎಂಬುದೇ ಕಾರಣ. ಸಂಸ್ಕೃತಕ್ಕಾಗಿಯೇ ಪಂಡಿತೆ ಎನಿಸಿಕೊಂಡಾಕೆ ಸಂಸ್ಕೃತವನ್ನು ಬದಿಗಿಟ್ಟರು. ಅಚ್ಚುಮೊಳೆ ಜೋಡಿಸಿದವರೂ ಮುಕ್ತಿಯ ಹೆಣ್ಣುಮಕ್ಕಳೇ. ಅತ್ತ ಆಗಿನ ನಿಜಾಮರ ಸೀಮೆಯ ಗುಲ್ಬರ್ಗದಲ್ಲಿ ಅವರು ತೆರೆದ ಶಾಲೆಯನ್ನು ಮಗಳು ಮನೋರಮೆ ನೋಡಿಕೊಂಡಳು. ತಾಯಿಯ ತಾಯಿ ತೀರಿಕೊಂಡ ರಾಯಚೂರು ಅಲ್ಲಿಂದ ದೂರವಿಲ್ಲ. ಆ ಸೀಮೆಯನ್ನೇ ಆರಿಸಿದಾಗ ರಮಾಬಾಯಿಯವರ ಮನಸ್ಸಿನಲ್ಲಿ ಏನಿತ್ತೋ. 1921ರ ಜುಲೈಯಲ್ಲಿ ಮನೋರಮೆ ತೀರಿಕೊಂಡಳು, ನಲವತ್ತರ ವಯಸ್ಸು. ತಾಯಿ ಮತ್ತೆ ಕರಡು ತಿದ್ದಲು ಕೂತರು. 1922ರ ಏಪ್ರಿಲ್ 5ರಂದು ಅವರೂ ಹೋದರು. ಅಚ್ಚಿನ ಕೆಲಸವನ್ನು ಹುಡುಗಿಯರು ಮುಗಿಸಿದರು.

ಇನ್ನು ನನ್ನ ಕತೆ. 2021ರ ಏಪ್ರಿಲ್. ನಮ್ಮ ಸಭೆಯ ಒಬ್ಬ ತಂಗಿಯ ಗಂಡ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ತೀರಿಕೊಂಡ. ಮಣ್ಣಿಗೆ ನಾಲ್ವರಿಗಷ್ಟೇ ಅಪ್ಪಣೆ. ನಾನು ಹೋಗಲಿಲ್ಲ, ವಯಸ್ಸಾಯಿತು, ಸಕ್ಕರೆ ಕಾಯಿಲೆ ಇದೆ ಎಂದು ಮನೆಯಲ್ಲಿ ತಡೆದರು, ನಾನೂ ತಡೆಸಿಕೊಂಡೆ. ಸಂಜೆ ಫೋನ್ ಮಾಡಿ, “ದೇವರ ಚಿತ್ತ ತಂಗಿ, ಸಮಾಧಾನ ತಗೋ” ಎಂದೆ. ಆಚೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ ಆಕೆ, “ಅಣ್ಣಾರ, ಚಿತ್ತದ ಮಾತು ಆಮ್ಯಾಲೆ ಮಾತಾಡೂಣು. ನಾಕನೇದವ್ರು ಯಾರೂ ಬರಲಿಲ್ಲ. ಆಂಬುಲೆನ್ಸಿನ ಡ್ರೈವರ್ ಕೈ ಹಚ್ಚಿದಾ” ಎಂದಳು.

ಯೋಬನ ಗೆಳೆಯರು ಏಳು ದಿನ ಮಾತಾಡದೆ ನೆಲದ ಮೇಲೆ ಅವನ ಜೊತೆ ಕೂತರು. ಬಾಯಿ ತೆರೆದ ಮೇಲೆ ಕೆಟ್ಟರು. ನಾನು ಆ ಏಳು ದಿನವನ್ನೂ ಕೂತಿರಲಿಲ್ಲ.

ನಿರ್ಬಂಧ ಸಡಿಲಾದ ಮೇಲೆ ಆಕೆಯ ಮನೆಗೆ ಹೋದೆ. ಮರಣದ ದಾಖಲೆಯಲ್ಲಿ ಗಂಡನ ಹೆಸರು ತಪ್ಪಾಗಿ ಬಿದ್ದಿತ್ತು, ಅದರಿಂದ ವಿಮೆಯ ಹಣ ನಿಂತಿತ್ತು. ಕಾಗದಗಳ ಚೀಲ ಹಿಡಿದು ಆಕೆಯ ಜೊತೆ ಕಚೇರಿಗೆ ಹೋದೆ. ಮೊದಲ ಸಲ ಸಾಹೇಬರಿಲ್ಲ. ಎರಡನೆಯ ಸಲ ಅಫಿಡವಿಟ್ ಬೇಕೆಂದರು. ಮೂರನೆಯ ಸಲ ಮಧ್ಯಾಹ್ನದ ಹೊತ್ತಿಗೆ ಹೆಸರು ಸರಿಯಾಗಿ ಅಚ್ಚಾಗಿ ಬಂತು. ಆಕೆ ಅದನ್ನು ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಓದಿಕೊಂಡಳು, ಮಡಚಿ ಚೀಲಕ್ಕೆ ಹಾಕಿದಳು, ಎದುರಿನ ಅಂಗಡಿಯಲ್ಲಿ ನನಗೆ ಸಕ್ಕರೆ ಇಲ್ಲದ ಚಹಾ ಹೇಳಿದಳು.