ಮದ್ಯಪಾನವೂ ಮಿದುಳಿನ ಕೇಡೂ
(ಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮದ್ಯಪಾನವು ಧನವನ್ನೂ ಮಾನವನ್ನೂ ಕಳೆಯುವುದೆಂಬುದನ್ನು ತಾವೆಲ್ಲರೂ ಬಲ್ಲಿರಿ. ಅದು ಮಿದುಳನ್ನು ಕೆಡಿಸುವ ಬಗೆಯನ್ನೂ, ಆಸ್ಪತ್ರೆಯಲ್ಲಿ ಮನೆಯವರು ಆಡುವ ಒಂದು ಮಾತು ಆ ಕೇಡನ್ನು ತಡೆಯಬಲ್ಲುದೆಂಬುದನ್ನೂ ಈ ದಿನ ಅರಿಕೆಮಾಡಿಕೊಳ್ಳುತ್ತೇನೆ.

ಬಹುಕಾಲ ದಿನವೂ ಕುಡಿದವನ ಮಿದುಳು, ಮದ್ಯವು ಕವಿಸುವ ಮಂಕನ್ನು ಎದುರಿಸಲು ತನ್ನ ಚಟುವಟಿಕೆಯನ್ನು ಹೆಚ್ಚಿಸಿಕೊಂಡಿರುತ್ತದೆ. ಅಂತಹವನು ಕಾಲು ಮುರಿದೋ ಜ್ವರ ಬಂದೋ ಆಸ್ಪತ್ರೆಯನ್ನು ಸೇರಿದರೆ ಮದ್ಯವು ತಟ್ಟನೆ ನಿಲ್ಲುತ್ತದೆ. ಹೆಚ್ಚಿದ ಚಟುವಟಿಕೆಯು ಮಾತ್ರ ನಿಲ್ಲುವುದಿಲ್ಲ. ಮೊದಲ 2 ದಿನಗಳೊಳಗೆ ಕೈನಡುಕ, ಬೆವರು, ನಿದ್ರಾಭಂಗಗಳು ತೋರುವುವು. ಕೆಲವರಿಗೆ ಸೆಳವೂ ಬರುವುದು. 2ರಿಂದ 4 ದಿನಗಳೊಳಗೆ ಕೆಲವರಿಗೆ ಸನ್ನಿ ಹಿಡಿದು, ಇಲ್ಲದ ಹುಳುಗಳೂ ಮನುಷ್ಯರೂ ಕಣ್ಣಿಗೆ ತೋರುವುದುಂಟು. ಇದು ಗ್ರಹಚೇಷ್ಟೆಯಲ್ಲ, ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವನ್ನೇ ತೆಗೆಯಬಲ್ಲ ದೇಹದ ರೋಗ. ಆದುದರಿಂದಲೇ ಬಹಳವಾಗಿ ಕುಡಿಯುವವನು ಮನೆಯಲ್ಲಿ ಒಮ್ಮೆಗೇ ಬಿಡದೆ, ವೈದ್ಯರ ಆಶ್ರಯದಲ್ಲಿ ಬಿಡತಕ್ಕದ್ದು.

ಇನ್ನೊಂದು ಕೇಡು ಸದ್ದಿಲ್ಲದೆ ಬರುವುದು. ಆಹಾರವನ್ನು ಶಕ್ತಿಯಾಗಿ ಮಾರ್ಪಡಿಸಲು ಮಿದುಳಿಗೆ ಥಯಾಮಿನ್ ಎಂಬ ಬಿ-1 ಜೀವಸತ್ವವು ಬೇಕು. ಅಕ್ಕಿಯ ತವುಡಿನಲ್ಲಿಯೂ ಬೇಳೆಕಾಳುಗಳಲ್ಲಿಯೂ ಅದುಂಟು. ದೇಹದಲ್ಲಿರುವ ಸಂಗ್ರಹವಾದರೋ ಕೆಲವೇ ವಾರಗಳಿಗೆ ಸಾಲುವಷ್ಟು. ಕುಡಿತಕ್ಕೆ ಬಿದ್ದವನು ಊಟವನ್ನು ಕಡೆಗಣಿಸುತ್ತಾನೆ. ಉಂಡುದರ ಸತ್ವವನ್ನೂ ಕರುಳು ಸರಿಯಾಗಿ ಹೀರದಂತೆ ಮದ್ಯವು ತಡೆಯುತ್ತದೆ.

1881ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆಯವರು 3 ರೋಗಿಗಳನ್ನು ಕುರಿತು ಬರೆದರು. ಅವರಲ್ಲಿ ಇಬ್ಬರು ಮದ್ಯವ್ಯಸನಿಗಳು. ಕಣ್ಣಿನ ಚಲನೆ ಕೆಡುವುದು, ನಡೆ ತೂರಾಡುವುದು, ಬುದ್ಧಿ ಭ್ರಮಿಸುವುದು ಇವೇ ಆ ರೋಗದ ಲಕ್ಷಣಗಳು. ಇವು ಮೂರೂ ಒಟ್ಟಿಗೆ ತೋರಲೇಬೇಕೆಂದಿಲ್ಲ. ಆಗ ನೋಡುವವರು ಅಮಲು ಇಳಿದಿಲ್ಲವೆಂದು ಸುಮ್ಮನಾಗುತ್ತಾರೆ. ಹಾಗೆ ಕಾಲಹರಣವಾದರೆ, ರಷ್ಯಾದ ಸೆರ್ಗೈ ಕೊರ್ಸಕಾಫ್ ಅವರು 1887ರಲ್ಲಿ ವರ್ಣಿಸಿದ ಮರೆವು ನೆಲೆಗೊಳ್ಳಬಹುದು. ಅಂತಹ ರೋಗಿಗೆ ಬಾಲ್ಯದ ಸಂಗತಿಗಳು ನೆನಪಿದ್ದರೂ ಈಗತಾನೆ ಬಂದುಹೋದ ಮಗನು ನೆನಪಿರುವುದಿಲ್ಲ. ನಡೆಯದುದನ್ನು ನಡೆದಂತೆ ಹೇಳುವನು, ಸುಳ್ಳಾಡಬೇಕೆಂಬ ಉದ್ದೇಶದಿಂದಲ್ಲ, ನೆನಪಿನ ತೆರಪನ್ನು ಮನಸ್ಸೇ ತುಂಬಿಕೊಳ್ಳುವುದರಿಂದ. ಈ ಮರೆವು ಪೂರ್ಣವಾಗಿ ಗುಣವಾಗುವುದು ವಿರಳ.

ಶಂಕೆ ಬಂದೊಡನೆ ಥಯಾಮಿನನ್ನು ರಕ್ತನಾಳದ ಮೂಲಕ ಕೊಟ್ಟರೆ ಈ ಕೇಡನ್ನು ಬಹುಮಟ್ಟಿಗೆ ತಡೆಯಬಹುದು. ಬರಿಯ ಗ್ಲೂಕೋಸ್ ಏರಿಸಿದರೆ ಉಳಿದ ಅಲ್ಪ ಸಂಗ್ರಹವೂ ವೆಚ್ಚವಾದೀತೆಂದು, ಥಯಾಮಿನನ್ನು ಅದಕ್ಕೆ ಮುಂಚೆ ಅಥವಾ ಅದರೊಡನೆಯೇ ಕೊಡುತ್ತಾರೆ. ಆದರೆ ರೋಗಿಯು ಕುಡಿಯುವವನೆಂಬುದು ವೈದ್ಯರಿಗೆ ತಿಳಿಯಬೇಕಷ್ಟೆ. ಮನೆತನದ ಗೌರವಕ್ಕೆ ಅಂಜಿ ನಾವು ಅದನ್ನೇ ಮರೆಮಾಚುತ್ತೇವೆ. ಆ ಗೌರವವನ್ನು ಉಳಿಸಹೋಗಿ ಮನೆಯ ಯಜಮಾನನ ನೆನಪನ್ನೇ ಕಳೆದುಕೊಳ್ಳುವುದು ಎಂತಹ ಲಾಭ?

ಆದುದರಿಂದ ಎಷ್ಟು ಕುಡಿಯುತ್ತಿದ್ದನು, ಎಷ್ಟು ವರ್ಷಗಳಿಂದ, ಕಡೆಯದಾಗಿ ಯಾವಾಗ ಎಂಬ 3 ಸಂಗತಿಗಳನ್ನು ಕೇಳುವ ಮುನ್ನವೇ ವೈದ್ಯರಿಗೆ ತಿಳಿಸಿರಿ. ವ್ಯಸನಿಯನ್ನು ಹಳಿಯುವುದು ಸುಲಭ. ಸಕಾಲದಲ್ಲಿ ನಿಜವನ್ನು ನುಡಿದು ಅವನನ್ನು ಉಳಿಸಿಕೊಳ್ಳುವುದೇ ದಯೆ.