ಕುಸುಬೆಯ ಹೂವು, ಕುಸುಬೆಯ ಎಣ್ಣೆ
(ವಿಜಯಪುರದ ಸಿದ್ಧೇಶ್ವರ ಗುಡಿಯ ಬಳಿ ಸೇರಿದ ಕೂಟದಲ್ಲಿ ಮಾಡಿದ ಭಾಷಣ)



ಈ ಗುಡಿಯಿಂದ ಹೊರಟು ತಿಕೋಟಾ, ಬಬಲೇಶ್ವರಗಳ ದಾರಿ ಹಿಡಿದರೆ ಎರೆಹೊಲಗಳು ಎದುರಾಗುತ್ತವೆ. ಹಿಂಗಾರಿನ ಬಿಳಿಜೋಳದ ಅಂಚಿಗೆ ಮುಳ್ಳಿನ ಗಿಡದ ಸಾಲೊಂದನ್ನು ಬಿತ್ತುವುದು ಇಲ್ಲಿಯ ರೂಢಿ. ಅದೇ ಕುಸುಬೆ, ನಮ್ಮ ಜನರ ಬಾಯಲ್ಲಿ ಕುಸುಬಿ. ದನ ನುಗ್ಗದಂತೆ ಬೇಲಿಯೂ ಅದೇ, ಗಾಣಕ್ಕೆ ಕಾಳೂ ಅದೇ. ಎಳೆಯ ಎಲೆಯನ್ನು ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುತ್ತೇವೆ. ಕಾಳು ಅರೆದು ಹಾಲು ತೆಗೆದು ಹುಗ್ಗಿ ಮಾಡುತ್ತೇವೆ. ಬಟ್ಟೆಗೆ ಅದರ ಬಣ್ಣ ಕಟ್ಟುತ್ತಿದ್ದ ಕಾಲ ಕಳೆದ ಮೇಲೆ ಹೂವನ್ನು ಕೇಳುವವರು ಮಾತ್ರ ಉಳಿಯಲಿಲ್ಲ.

ಈಗ ಮತ್ತೆ ಕೇಳುತ್ತಿದ್ದಾರೆ. ಒಣಗಿದ ಎಸಳಿನ ಕಷಾಯ ಕೊಲೆಸ್ಟೆರಾಲ್ ಇಳಿಸುತ್ತದೆಂಬ ಮಾತಿಗೆ ಕೊರಿಯಾ, ಚೀನಾಗಳ ಪುರಾತನ ವೈದ್ಯದ ಹೆಸರನ್ನು ಸಾಕ್ಷಿ ನಿಲ್ಲಿಸುತ್ತಾರೆ. ಕೊರಿಯನ್ನರು ಇದನ್ನು ಹೊಂಗ್‌ಹ್ವಾ, ಅಂದರೆ ಕೆಂಪು ಹೂ, ಎನ್ನುತ್ತಾರೆ. ಹೊ ಜುನ್ ಎಂಬ ವೈದ್ಯರು ರಚಿಸಿದ, 1613ರಲ್ಲಿ ಅಚ್ಚಾದ 'ದೊಂಗುಯಿ ಬೊಗಮ್' ಆ ನಾಡಿನ ವೈದ್ಯಕ್ಕೆ ಆಧಾರಗ್ರಂಥ. ಆ ಪರಂಪರೆಯಲ್ಲಿ ಈ ಹೂವಿನ ಕೆಲಸ ತಡೆದು ನಿಂತ ರಕ್ತವನ್ನು ಹರಿಯಗೊಡುವುದು: ಮುಟ್ಟಿನ ತೊಂದರೆಗೆ, ಪೆಟ್ಟಿನಿಂದಾದ ಊತಕ್ಕೆ. ಕೊಲೆಸ್ಟೆರಾಲ್ ಎಂಬ ಮಾತು ಅಲ್ಲಿರಲಾರದು. ರೋಗಿಯ ರಕ್ತದಲ್ಲಿ ಅದನ್ನು ಅಳೆದು ನೋಡುವುದು ಇಪ್ಪತ್ತನೆಯ ಶತಮಾನದ ವಿದ್ಯೆ.

ಆದರೆ ಆ ಹಳೆಯ ವೈದ್ಯರ ಮಾತಿನಲ್ಲಿ ನಮಗೆ ಬೇಕಾದ ಎಚ್ಚರಿಕೆಯೊಂದಿದೆ. ರಕ್ತವನ್ನು ಹರಿಯಗೊಡುವ ಹೂವು ರಕ್ತ ತೆಳುಗೊಳಿಸುವ ವಾರ್ಫರಿನ್‌ನಂಥ ಗುಳಿಗೆಯೊಡನೆ ಸೇರಿದರೆ ರಕ್ತಸ್ರಾವದ ಅಪಾಯವುಂಟು. ಗರ್ಭಿಣಿಯರಿಗೂ ಅದು ಸಲ್ಲದು. ಹೃದ್ರೋಗಕ್ಕೆ ಗುಳಿಗೆ ನುಂಗುವವರೇ ತಾನೆ ಕೊಲೆಸ್ಟೆರಾಲಿಗೂ ಮದ್ದು ಹುಡುಕುವವರು! ಕಷಾಯವನ್ನು ನಂಬಿ ವೈದ್ಯರು ಕೊಟ್ಟ ಗುಳಿಗೆಯನ್ನು ನಿಲ್ಲಿಸುವುದಂತೂ ಪ್ರಾಣದೊಡನೆ ಆಡುವ ಆಟ.

ಎಣ್ಣೆಯ ಮಾತು ಬೇರೆ. ಕುಸುಬೆ ಎಣ್ಣೆಯ ಸುಮಾರು ಮುಕ್ಕಾಲು ಪಾಲು ಲಿನೋಲೆಯಿಕ್ ಆಮ್ಲ. ವನಸ್ಪತಿ, ಪಾಮ್ ಎಣ್ಣೆಗಳನ್ನು ಬಿಟ್ಟು ಇದನ್ನು ಬಳಸಿದರೆ ಕೆಟ್ಟದ್ದೆನ್ನುವ ಎಲ್‌ಡಿಎಲ್ ಕೊಲೆಸ್ಟೆರಾಲ್ ಇಳಿಯುತ್ತದೆ. ಬಿಟ್ಟು, ಎಂದೆ, ಅವುಗಳ ಮೇಲೆ ಇದನ್ನೂ ಸುರಿದುಕೊಂಡು ಅಲ್ಲ. ಇಷ್ಟಕ್ಕೇ ಮುಗಿಯಲಿಲ್ಲ. 1966ರಿಂದ 1973ರವರೆಗೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 458 ಗಂಡಸು ಹೃದ್ರೋಗಿಗಳ ಮೇಲೆ ಪ್ರಯೋಗವೊಂದು ನಡೆಯಿತು. ಒಂದು ಗುಂಪಿಗೆ ಕುಸುಬೆ ಎಣ್ಣೆಯನ್ನೂ ಅದರಿಂದ ಮಾಡಿದ ಮಾರ್ಗರಿನ್ನನ್ನೂ ಕೊಟ್ಟರು. ಅವರ ಕೊಲೆಸ್ಟೆರಾಲ್ ಇಳಿಯಿತು. ಸತ್ತವರು ಮಾತ್ರ ಆ ಗುಂಪಿನಲ್ಲಿ ನೂರಕ್ಕೆ ಸುಮಾರು 18, ಇನ್ನೊಂದರಲ್ಲಿ ಸುಮಾರು 12. ಹಳೆಯ ಕಡತಗಳಿಂದ ಹೆಕ್ಕಿದ ಈ ಪೂರ್ಣ ಲೆಕ್ಕ ಪ್ರಕಟವಾದದ್ದು 2013ರಲ್ಲಿ. ಕಾರಣದ ಬಗೆಗೆ ವಿಜ್ಞಾನಿಗಳಲ್ಲಿ ವಾದವಿದೆ. ಈ ಎಣ್ಣೆಯಲ್ಲಿ ಒಮೆಗಾ-3 ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ ಎಂಬುದು ಅವರು ಹೇಳುವ ಕಾರಣಗಳಲ್ಲೊಂದು. ಆ ಒಮೆಗಾ-3 ಹೇರಳವಾಗಿರುವುದು ಅಗಸೆಯಲ್ಲಿ. ನಮ್ಮ ತಾಯಂದಿರು ರೊಟ್ಟಿಯ ಮಗ್ಗುಲಿಗೆ ಅಗಸೆ ಚಟ್ನಿ ಬಡಿಸುತ್ತ ಬಂದವರು, ಯಾವ ಪ್ರಯೋಗಾಲಯವನ್ನೂ ಕೇಳದೆ.

ಮಲೆನಾಡಿನ ನಿಮಗೆ ಉಪ್ಪಾಗೆಯ ಕಥೆ ಗೊತ್ತು. ಬೊಜ್ಜು ಕರಗಿಸುವ ಮದ್ದೆಂದು ಹೊರದೇಶಗಳಿಂದ ಬೇಡಿಕೆ ಬಂದಾಗ ಕಾಯಿಗಾಗಿ ಕೊಂಬೆಗಳನ್ನೇ ಕಡಿದರು. ಕುಸುಬೆಗೆ ಬಂದಿರುವ ಆಪತ್ತು ಇನ್ನೊಂದು ಬಗೆಯದು: ಬಿತ್ತಿದರೆ ಉಂಟು, ಬಿತ್ತದಿದ್ದರೆ ಇಲ್ಲ. 1980ರ ದಶಕದ ಕೊನೆಗೆ ದೇಶದಲ್ಲಿ ಸುಮಾರು 10 ಲಕ್ಷ ಹೆಕ್ಟೇರಿನಲ್ಲಿದ್ದ ಬೆಳೆ ಈಗ 1 ಲಕ್ಷಕ್ಕೂ ಕೆಳಗಿಳಿದಿದೆ. ಅಗ್ಗದ ಪಾಮ್ ಎಣ್ಣೆ ಬಂತು. ನೀರು ಬಂದ ಕಡೆ ದ್ರಾಕ್ಷಿ, ಕಬ್ಬು ಬಂದವು. ಮುಳ್ಳು ಚುಚ್ಚಿಸಿಕೊಂಡು ಕೊಯ್ಯುವ ಆಳು ಸಿಗದಾಯಿತು.

ಎಸಳು ಮಾರಿ ರೈತ ನಾಲ್ಕು ಕಾಸು ಕಂಡರೆ ನನ್ನ ತಕರಾರಿಲ್ಲ. ಹೂ ಬಾಡಿದ ಮೇಲೆ ಬಿಡಿಸಿಕೊಂಡರೆ ಕಾಳಿಗೆ ನಷ್ಟವಿಲ್ಲ. ಫಲ್ಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಮುಳ್ಳಿಲ್ಲದ ತಳಿಗಳನ್ನೂ ರೂಪಿಸಿದ್ದಾರೆ. ಎಸಳು ಬಿಡಿಸುವವರ ಕೈಗೆ ಅವು ಹಿತ. ಆದರೆ ಮುಳ್ಳಿಲ್ಲದ ಕುಸುಬಿ ದನವನ್ನು ತಡೆಯುವುದಿಲ್ಲ. ಜೋಳದ ಅಂಚಿಗೆ ಹಳೆಯದೇ ಬೇಕು.